ಹಳೆಯ ಕಂಪ್ಯೂಟರು, ಹಳೆಯ ದನಿ

ಮಸಾಯೊ ಉಪ್ಪಿಗೆ ಹಾಕುವ ಮೂಲಂಗಿ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ಬುಟ್ಟಿಯಲ್ಲಿ ಅರ್ಧ ಮುಗಿದಿತ್ತು, ಅಷ್ಟೇ. ನಲ್ಲಿ ನಿಲ್ಲಿಸಿದ ಕೂಡಲೇ ಒಳಗಿನ ಉಸಿರಾಟದ ಯಂತ್ರ ಕೂಗುತ್ತಿರುವುದು ಕೇಳಿಸಿತು. ಬೂಟು ಕೂಡ ಬಿಚ್ಚದೆ ಚಾಪೆಯ ಮೇಲೆ ಓಡಿಬಂದಳು.

ಗಂಡ ಹಿದೆನೊರಿಯ ತುಟಿ ನೀಲಿಗಟ್ಟಿತ್ತು. ಗಂಟಲಿಗೆ ಸೇರಿಸಿದ ನಳಿಕೆಯಲ್ಲಿ ಕಫ ಗೊರಗೊರ ಅನ್ನುತ್ತಿತ್ತು. ಕೈಯ ಮಣ್ಣನ್ನು ಏಪ್ರನ್ನಿಗೆ ಒರೆಸಿಕೊಂಡು, ಕಫ ಎಳೆಯುವ ಕೊಳವೆಯನ್ನು ಒಳಗೆ ಬಿಟ್ಟಳು. ಒಂದು ಸಲ ಎಳೆದಳು, ಇನ್ನೊಂದು ಸಲ ಎಳೆದಳು. ನಿಧಾನವಾಗಿ ತುಟಿಗೆ ಬಣ್ಣ ಬಂತು.

"ಯಾಕ್ರೀ ಕರೀಲಿಲ್ಲ? ಹಿತ್ತಲಿಗೆ ಕೇಳ್ಲಿ ಅಂತ ತಾನೇ ಸ್ಪೀಕರ್ ಹಾಕಿರೋದು?"

ಆಮೇಲೆ ಕಂಪ್ಯೂಟರಿನ ಪರದೆಯ ಕಡೆ ನೋಡಿದಳು. ಅಕ್ಷರಗಳ ಮೇಲೆ ನೀಲಿ ಬಣ್ಣದ ದೊಡ್ಡ ಡಬ್ಬಿಯೊಂದು ಬಂದು ಕೂತಿತ್ತು. ಈ ಕಂಪ್ಯೂಟರಿನ ಸಿಸ್ಟಮ್ಮಿಗೆ ಹೊಸ ವರ್ಷದಿಂದ ಬೆಂಬಲ ಇಲ್ಲ, ದಯವಿಟ್ಟು ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು ಬಹಳ ಮರ್ಯಾದೆಯಿಂದ ಬರೆದಿತ್ತು. ಮನುಷ್ಯ ಉಸಿರುಕಟ್ಟಿ ಸಾಯುತ್ತಿರುವಾಗ ಮರ್ಯಾದೆಗೇನೂ ಕಡಿಮೆ ಇರಲಿಲ್ಲ.

ಹಿದೆನೊರಿ ಕುಡುಗೋಲು, ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದವನು. ಸಾಂಜೊ ಊರಿನಲ್ಲಿ ಕಬ್ಬಿಣದ ಕೆಲಸದ ನಂಟಿಲ್ಲದ ಮನೆ ಹುಡುಕುವುದು ಕಷ್ಟ. ಆದರೆ ಅವನ ಸಾಣೆಗೆ ಬೇರೆಯೇ ಹೆಸರಿತ್ತು. ನರಗಳು ಒಂದೊಂದಾಗಿ ಕೈಕೊಡುವ ಕಾಯಿಲೆ ಬಂದು ಮೊದಲು ಬೆರಳು ಹೋಯಿತು, ಆಮೇಲೆ ಕಾಲು, ಆಮೇಲೆ ನಾಲಿಗೆ. ಈಗ ಅವನ ಮಾತು ಕೇಳುವುದು ಕಣ್ಣು ಮತ್ತು ಬಲಗೆನ್ನೆ ಎರಡೇ. ಆ ಕೆನ್ನೆಗೆ ಒಂದು ಸಣ್ಣ ಸ್ವಿಚ್ಚು ಅಂಟಿಸಿದ್ದರು. ಪರದೆಯ ಅಕ್ಷರಮಾಲೆಯ ಮೇಲೆ ಹಳದಿ ಬೆಳಕು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಬೇಕಾದ ಸಾಲಿಗೆ ಬಂದಾಗ ಕೆನ್ನೆ ಮಿಡಿದರೆ ಬೆಳಕು ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತಿತ್ತು. ಮತ್ತೊಮ್ಮೆ ಮಿಡಿದರೆ ಅಕ್ಷರ ಕೈಗೆ ಸಿಕ್ಕಂತೆ. ಸೆಕೆ ಅನ್ನುವುದಕ್ಕೆ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಬೇಕು.

ಆದರೂ ಆ ಮಾತು ಅವನದೇ ದನಿಯಲ್ಲಿ ಬರುತ್ತಿತ್ತು. ಉಸಿರಿನ ನಳಿಕೆಗೆಂದು ಗಂಟಲು ಕೊಯ್ಯುವ ಮುಂಚೆ, ನಾಲಿಗೆ ಇನ್ನೂ ಅಷ್ಟಿಷ್ಟು ಹೊರಳುತ್ತಿದ್ದಾಗ, ಆಸ್ಪತ್ರೆಯ ಒಬ್ಬ ತಂತ್ರಜ್ಞ ಅವನಿಂದ ಒಂದೊಂದೇ ಅಕ್ಷರ ಹೇಳಿಸಿ ಮುದ್ರಿಸಿಕೊಂಡಿದ್ದ. ಬರೆದ ಮಾತನ್ನು ಕಂಪ್ಯೂಟರು ಆ ಅಕ್ಷರಗಳಿಂದಲೇ ಪೋಣಿಸಿ ಓದುತ್ತಿತ್ತು. ಸಾಣೆಚಕ್ರದ ಗದ್ದಲದಲ್ಲಿ ಬದುಕೆಲ್ಲ ಕಿರುಚಿ ಮಾತಾಡಿದವನು ಮೈಕಿನ ಮುಂದೆಯೂ ಕಿರುಚಿದ್ದ. ಹಾಗಾಗಿ ಹೊದಿಕೆ ಕೇಳಿದರೂ ಜಗಳಕ್ಕೆ ಬಂದಂತೆ ಕೇಳಿಸುತ್ತಿತ್ತು. ರಕಾರ ಬಂದಲ್ಲೆಲ್ಲ ತೊದಲು. ಆ ಪ್ರೋಗ್ರಾಂ ಬರೆದ ತಂತ್ರಜ್ಞ ಈಗ ಬದುಕಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಮಸಾಯೊ ನಡೆದದ್ದನ್ನು ಹೇಳಿದಳು. ಮಗ ಶೋಗೊ ಟೈರು ಅಂಗಡಿಯಿಂದ ಬಂದು ಕೈಕಾಲು ತೊಳೆದು, ಕಾವು ಕೊಡುವ ಕೊತಾತ್ಸು ಮೇಜಿನ ಹೊದಿಕೆಯೊಳಗೆ ಕಾಲು ಚಾಚಿದ್ದ. ಊರವರೆಲ್ಲ ಹಿಮದ ಟೈರು ಹಾಕಿಸುವ ಕಾಲ, ಅವನಿಗೆ ಬೆನ್ನು ನೆಟ್ಟಗೆ ಮಾಡಲು ಬಿಡುವಿಲ್ಲ. ಎದುರಿಗೆ ಅಜ್ಜಿ ತೊಮಿ, ಹಿದೆನೊರಿಯ ತಾಯಿ, ಎಂಬತ್ತು ದಾಟಿದವಳು, ಮೀನಿನ ಮುಳ್ಳು ಬಿಡಿಸುತ್ತಿದ್ದಳು.

"ಆ ಡಬ್ಬಿ ನಾನೂ ನೋಡಿದೀನಿ," ಅಂದ ಶೋಗೊ. "ಇನ್ನು ತೋರಿಸಬೇಡ ಅಂತ ಒತ್ತಿದ್ರೂ ಮಾರನೇ ದಿನ ಮತ್ತೆ ಬರುತ್ತೆ. ಹೊಸ ಸಿಸ್ಟಮ್ ಹಾಕ್ಲೇಬೇಕು ಅಮ್ಮ. ಇಲ್ಲ ಅಂದ್ರೆ ಒಂದಿನ ಅಪ್ಪ ಕರೀತಾ ಇರ್ತಾರೆ, ಆ ಡಬ್ಬಿ ಅಡ್ಡ ಕೂತಿರುತ್ತೆ."

"ಹಾಕು, ಬೇಡ ಅಂದೋರ್ಯಾರು?"

"ಅಕ್ಷರದ ಪ್ರೋಗ್ರಾಂ ನಡೆಯುತ್ತೆ ಅಂದ್ರು, ಕಂಪ್ಯೂಟರ್ ಅಂಗಡಿಯೋರನ್ನ ಕೇಳಿದೆ. ದನಿದು ಮಾತ್ರ ಗೊತ್ತಿಲ್ಲ. ಹೋದ್ರೂ ಹೋಗಬಹುದು."

ತೊಮಿ ಊಟದ ಕಡ್ಡಿಗಳನ್ನು ಬಟ್ಟಲಿನ ಮೇಲಿಟ್ಟಳು. "ಏನು ಹೋಗೋದು?"

"ಅಪ್ಪನ ದನಿ, ಅಜ್ಜಿ. ಬೇರೆ ದನಿ ಇರುತ್ತೆ ಅದರಲ್ಲೇ. ಸ್ಪಷ್ಟವಾಗಿರುತ್ತೆ. ವಾರ್ತೆ ಓದೋರ ಥರ."

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ. ನಡೀತಿರೋ ಯಂತ್ರದ ಹೊಟ್ಟೆ ಯಾಕೆ ಬಗೀಬೇಕು ನೀನು? ನಿಂಗೆ ಟೈರು ಬಿಚ್ಚಿ ಬಿಚ್ಚಿ ಕೈ ಸುಮ್ನಿರಲ್ಲ."

"ನಡೀತಿದ್ರೆ ಇವತ್ತು ಅಪ್ಪ ನೀಲಿ ಯಾಕಾದ್ರು?"

"ನಿಮ್ಮಮ್ಮ ಹಿತ್ತಲಲ್ಲಿದ್ದಳು, ಅದಕ್ಕೆ ಆದ."

ಮಸಾಯೊ ಅನ್ನದ ಪಾತ್ರೆ ಮುಚ್ಚಿದ ಸದ್ದು ಸ್ವಲ್ಪ ಜೋರಾಗಿಯೇ ಆಯಿತು. "ಹೌದು ಅತ್ತೆ. ಮೂಲಂಗಿ ತಾನೇ ತೊಳ್ಕೊಂಡು ತಾನೇ ಹೋಗಿ ಪೀಪಾಯಲ್ಲಿ ಕೂತ್ಕೊಳೋ ಹಾಗಿದ್ರೆ ನಾನ್ಯಾಕೆ ಹಿತ್ತಲಿಗೆ ಹೋಗ್ತಿದ್ದೆ?"

"ನಿನ್ನ ಗಂಡನ ದನಿ ನಿಂಗೆ ಬೇಡ್ವಾ?"

"ದನಿ ಇಟ್ಕೊಂಡು ಉಸಿರು ಹೋದ್ರೆ ಏನ್ಮಾಡ್ಲಿ? ಉಪ್ಪಿಗೆ ಹಾಕ್ಲಾ?"

ಪಕ್ಕದ ಕೋಣೆಯಲ್ಲಿ ಉಸಿರಾಟದ ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ನಡುವಿನ ಕಾಗದದ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಹಿದೆನೊರಿಗೆ ಎಲ್ಲವೂ ಕೇಳಿಸುತ್ತದೆ ಎಂದು ಮೂವರಿಗೂ ಗೊತ್ತು. ಗೊತ್ತಿದ್ದೂ ಮೂವರೂ ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಜಗಳವಾಡಿದರು.

ಡಿಸೆಂಬರಿನಲ್ಲಿ ಹಿಮ ಹತ್ತಿಕೊಂಡಿತು. ಮಸಾಯೊ ಮನೆಯಲ್ಲೇ ಉಗುರು ಕತ್ತರಿಗಳನ್ನು ಡಬ್ಬಿಗೆ ತುಂಬುವ ಕೆಲಸ ಹಿಡಿದಿದ್ದಳು. ಗಂಡನ ಹಾಸಿಗೆಯ ಪಕ್ಕ ಕೂತು ತುಂಬುತ್ತಾ, ನಡುವೆ ಕಫ ಎಳೆಯುತ್ತಾ, ಹೊಟ್ಟೆಯ ನಳಿಕೆಗೆ ಗಂಜಿ ಬಿಡುತ್ತಾ ದಿನ ತಳ್ಳುತ್ತಿದ್ದಳು. ಈ ನಡುವೆ ಹಿದೆನೊರಿಯ ಮಾತು ತೀರಾ ನಿಧಾನವಾಗಿತ್ತು. ಬೇಕಾದ ಸಾಲು ದಾಟಿದ ಮೇಲೆ ಬೆಳಕು ನಿಲ್ಲುತ್ತಿತ್ತು, ಇಲ್ಲವೇ ನಿಲ್ಲುತ್ತಲೇ ಇರಲಿಲ್ಲ. ಒಂದು ಅಕ್ಷರ ತಪ್ಪಿದರೆ ಅಳಿಸಿ ಮತ್ತೆ ಮೊದಲಿಂದ.

"ಈ ದರಿದ್ರ ಕಂಪ್ಯೂಟರು!" ಅಂದಳು ಒಂದು ಮಧ್ಯಾಹ್ನ. "ನೀವು ಒತ್ತೋದು ಒಂದು, ಅದು ಹಿಡಿಯೋದು ಇನ್ನೊಂದು."

ಹಿದೆನೊರಿ ಅವಳನ್ನೇ ನೋಡಿದ. ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ. ಮನೆಯಲ್ಲಿ ಅದೇ ಗುರುತು. ಅವನು ಎತ್ತಲೂ ಇಲ್ಲ, ಮುಚ್ಚಲೂ ಇಲ್ಲ.

ಶೋಗೊ ಬಂದು ಪರೀಕ್ಷೆ ಮಾಡಿದ. ಬೇಡದ್ದನ್ನೆಲ್ಲ ತೆಗೆದ. ಹಿಂದಿನ ಮುಚ್ಚಳ ಬಿಚ್ಚಿ ಧೂಳು ಊದಿದ. "ಮುದುಕ ಆಗಿದೆ ಇದು. ಎಂಟು ವರ್ಷ ಅಂದ್ರೆ ಕಂಪ್ಯೂಟರಿಗೆ ಅಜ್ಜಿ ವಯಸ್ಸು."

"ಅಜ್ಜಿಗೇನಾಗಿದೆಯೋ?" ಬಾಗಿಲಿಂದ ತೊಮಿ ಕೇಳಿದಳು. "ನಿಂಗಿಂತ ಮುಂಚೆ ಎದ್ದು ದಾರಿ ಹಿಮ ಬಾಚ್ತೀನಿ ನಾನು. ಕಂಪ್ಯೂಟರಿಗೇನೂ ಆಗಿಲ್ಲ. ಬೆಳಕು ಸರಿಯಾಗೇ ಓಡ್ತಿದೆ, ದಿನಾ ಪಕ್ಕದಲ್ಲಿ ಕೂತು ನೋಡ್ತೀನಲ್ಲ."

"ನಿಂಗೆ ಕಣ್ಣಲ್ಲಿ ಪೊರೆ, ಅಜ್ಜಿ. ಗೋಡೆ ಯಾವ್ದು ಬಾಗಿಲ್ಯಾವ್ದು ಗೊತ್ತಾಗಲ್ಲ."

ತೊಮಿಯ ಮಾತನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ದನಿ ಉಳಿಸಿಕೊಳ್ಳುವ ಹಟಕ್ಕೆ ಮುದುಕಿ ಏನಾದರೂ ಹೇಳುತ್ತಾಳೆ ಎಂದುಕೊಂಡರು. ಅವಳಿಗೆ ಆ ಹಟ ಇದ್ದದ್ದೂ ನಿಜ. ದಿನಾ ಮಧ್ಯಾಹ್ನ ಮಗನ ತಲೆದೆಸೆಯಲ್ಲಿ ಕೂತು, ಅವನು ಒಂದು ಮಾತು ಪೋಣಿಸುವ ತನಕ ಕಾಯುತ್ತಿದ್ದಳು. ಕೊನೆಗೆ ಸ್ಪೀಕರು "ಅಮ್ಮ, ಚಳಿ" ಎಂದು ಕಿರುಚಿದರೆ ಅವಳ ಮುಖ ಅರಳುತ್ತಿತ್ತು.

"ಅವರಪ್ಪನ ಥರಾನೇ ಬೈತಾನೆ," ಅನ್ನುತ್ತಿದ್ದಳು ಹೆಮ್ಮೆಯಿಂದ.

ವರ್ಷದ ಕೊನೆಯ ದಿನ ತೊಮಿ ಕೆಸುವಿನ ಗೆಡ್ಡೆ, ಕ್ಯಾರೆಟ್ಟು, ಸಾಲ್ಮನ್ ಮೊಟ್ಟೆ ಹಾಕಿ ಎಂದಿನಂತೆ ನೊಪ್ಪೆ ಎಂಬ ಹಬ್ಬದ ಸಾರು ಬೇಯಿಸಿದಳು. ಒಂದು ಚಮಚ ರಸವನ್ನು ಹಿದೆನೊರಿಯ ಮೂಗಿನ ಹತ್ತಿರ ಹಿಡಿದು ವಾಸನೆ ತೋರಿಸಿದಳು. ನುಂಗಲಾರದವನಿಗೆ ಹಬ್ಬ ಅಂದರೆ ಅಷ್ಟೇ. ಆಗ ಶೋಗೊ ಹಾಸಿಗೆಯ ಪಕ್ಕ ಮಂಡಿಯೂರಿ ಕೂತ.

"ಅಪ್ಪ, ನೀವೇ ಹೇಳಿಬಿಡಿ. ಹೊಸ ಸಿಸ್ಟಮ್ ಹಾಕ್ಲಾ ಬೇಡ್ವಾ?"

ಮೂವರೂ ಕಾದರು. ಬೆಳಕು ಸಾಲಿನಿಂದ ಸಾಲಿಗೆ ಇಳಿದು, ಮತ್ತೆ ಮೇಲಕ್ಕೆ ಹೋಗಿ, ಮತ್ತೆ ಇಳಿಯಿತು. ನೊಪ್ಪೆ ಆರಿಹೋಯಿತು. ಕೊನೆಗೆ ಆ ಕಿರುಚು ದನಿ ಹೇಳಿತು: "ನಿಮಗೆ ಬಿಟ್ಟಿದ್ದು."

ಆ ಊರ ಗಂಡಸರು ಹೊಟ್ಟೆ ಕೊಯ್ಯಲು ಬಂದ ವೈದ್ಯರಿಗೂ ಹೇಳುವುದು ಅದನ್ನೇ, ಮಗಳ ಮದುವೆಯ ಮಾತಿಗೆ ಬಂದವರಿಗೂ ಅದನ್ನೇ. ಹೇಳಿದವನ ಮನಸ್ಸಿನಲ್ಲಿ ಏನಿದೆ ಎಂದು ಕೆದಕಿ ಕೇಳುವುದು ಮರ್ಯಾದೆಯಲ್ಲ.

"ನೋಡಿದ್ಯಾ, ಹಾಕು ಅಂದ್ರು," ಅಂದ ಶೋಗೊ.

"ಹಾಗೆಲ್ಲಿ ಅಂದ? ಬೇಡ ಅಂತ ಬಾಯ್ಬಿಟ್ಟು ಹೇಳೋಕೆ ನಿಮ್ಮಗಳ ದಾಕ್ಷಿಣ್ಯ ಅವನಿಗೆ," ಅಂದಳು ತೊಮಿ.

ಇಬ್ಬರೂ ಮಸಾಯೊ ಕಡೆ ತಿರುಗಿದರು. ಅವಳಿಗೆ ಆ ನೀಲಿಗಟ್ಟಿದ ತುಟಿ ಕಣ್ಣ ಮುಂದೆ ಬಂತು. ಆವತ್ತಿನಿಂದ ಅವಳು ಹಿತ್ತಲಿಗೆ ಹೋದರೂ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಿರಲಿಲ್ಲ.

"ಹಬ್ಬ ಮುಗೀಲಿ," ಅಂದಳು. "ಆಮೇಲೆ ಹಾಕು."

ತೊಮಿ ತನ್ನ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತೇ ತಿಂದಳು.

ಜನವರಿಯ ಒಂದು ಭಾನುವಾರ ಶೋಗೊ ಕೆಲಸ ಶುರುಮಾಡಿದ. ಪರದೆಯ ಮೇಲೆ ಚುಕ್ಕಿಗಳು ಗಾಣದೆತ್ತಿನಂತೆ ಸುತ್ತುತ್ತಾ ಇದ್ದವು. ಅಷ್ಟು ಹೊತ್ತೂ ಹಿದೆನೊರಿಗೆ ಮಾತಿಲ್ಲ. ಆದ್ದರಿಂದ ಮಸಾಯೊ ಅಕ್ಷರದ ಹಲಗೆ ಹಿಡಿದು ಕೂತಳು. ಅದೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮೇಲೆ ಅಕ್ಷರಗಳು. ಇಬ್ಬರ ಮುಖದ ನಡುವೆ ಹಿಡಿದು ನಿಧಾನವಾಗಿ ಸರಿಸುತ್ತಾ ಹೋಗಬೇಕು. ಅವನ ನೋಟ ಅವಳ ನೋಟ ಯಾವ ಅಕ್ಷರದ ಮೇಲೆ ಸಂಧಿಸುತ್ತದೋ ಅದೇ ಅವನ ಅಕ್ಷರ. ಶೋಗೊಗೆ ಅಷ್ಟು ತಾಳ್ಮೆ ಇಲ್ಲ, ತೊಮಿಗೆ ಕಣ್ಣು ಮಂಜು. ಮನೆಯಲ್ಲಿ ಅದನ್ನು ಓದಬಲ್ಲವಳು ಮಸಾಯೊ ಒಬ್ಬಳೇ.

ಅವಳು ಓದುವುದರಲ್ಲಿ ಬಲು ಕಟ್ಟುನಿಟ್ಟು. ಒಂದಕ್ಷರ ಸೇರಿಸಿದವಳಲ್ಲ, ಒಂದಕ್ಷರ ನುಂಗಿದವಳಲ್ಲ. ಹಿಂದೊಮ್ಮೆ ಗಂಡ ತನ್ನ ಅಕ್ಕನ ಬಗ್ಗೆ ಆಡಿದ ಕೊಂಕನ್ನು ಆ ಅಕ್ಕನ ಎದುರಿಗೇ ಓದಿ ಹೇಳಿ, ಅವಳು ವರ್ಷಗಟ್ಟಲೆ ಈ ಕಡೆ ತಲೆಹಾಕದಂತೆ ಮಾಡಿದ್ದಳು. ಮಾತು ಅವರದು, ನನ್ನದು ಬಾಯಿ ಮಾತ್ರ ಅನ್ನುತ್ತಿದ್ದಳು.

"ಟೈರು... ಬದಲಾಯಿಸಿದಷ್ಟು... ಸುಲಭ... ಅಂದ್ಕೊಂಡಿದಾನೆ," ಎಂದು ಓದಿದಳು.

"ಅಪ್ಪ!" ಶೋಗೊ ನಕ್ಕ. ಬಹಳ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು.

ಮಧ್ಯಾಹ್ನದ ಹೊತ್ತಿಗೆ ಪರದೆ ಬೆಳಗಿತು. ಅಕ್ಷರಮಾಲೆ ಬಂತು, ಹಳದಿ ಬೆಳಕು ಓಡತೊಡಗಿತು. ಶೋಗೊ ಚಪ್ಪಾಳೆ ತಟ್ಟಿದ. ಹಿದೆನೊರಿ ಒಂದು ಮಾತು ಪೋಣಿಸುವ ತನಕ ಎಲ್ಲರೂ ಚಹಾ ಹಿಡಿದು ಕಾದರು.

"ಅಮ್ಮ. ಊಟ ಆಯ್ತಾ."

ಚೊಕ್ಕಟವಾದ, ಏರಿಳಿತವಿಲ್ಲದ, ರೈಲು ನಿಲ್ದಾಣದಲ್ಲಿ ಕೇಳುವಂಥ ಗಂಡು ದನಿ. ರಕಾರ ಇದ್ದಿದ್ದರೆ ಅದೂ ತೊದಲುತ್ತಿರಲಿಲ್ಲ. ತೊಮಿ ಥಟ್ಟನೆ ಮುಂಬಾಗಿಲ ಕಡೆ ತಿರುಗಿದಳು.

"ಯಾರೋ ಬಂದ್ರು ನೋಡು."

"ಅಜ್ಜಿ, ಅಪ್ಪ ಮಾತಾಡಿದ್ದು."

ತೊಮಿ ಪರದೆಯನ್ನು ನೋಡಿದಳು, ಮಗನನ್ನು ನೋಡಿದಳು. ಶೋಗೊ ಹಳೆಯ ದನಿಯ ಪ್ರೋಗ್ರಾಂ ಒತ್ತಿದ, ಮತ್ತೆ ಒತ್ತಿದ. ಅದು ತೆರೆಯಲಿಲ್ಲ.

"ಊಟ ಆಯ್ತು. ನೀವು ಸುಮ್ನೆ ತೊಂದರೆ ತಗೋಬೇಡಿ," ಎಂದಳು ತೊಮಿ, ಮನೆಗೆ ಬಂದ ಅತಿಥಿಗೆ ಹೇಳುವಂತೆ. ಸೊಂಟ ಹಿಡಿದು ಎದ್ದು ಹೋದಳು. ಹೆತ್ತ ಮಗನಿಗೆ ಅವನು ಹುಟ್ಟಿದ ಲಾಗಾಯ್ತು ಅವಳು ಬಹುವಚನ ಹಚ್ಚಿದವಳಲ್ಲ. ಮರುದಿನದಿಂದ ಮಧ್ಯಾಹ್ನ ತಲೆದೆಸೆಗೆ ಬಂದು ಕೂರುವುದನ್ನೂ ಬಿಟ್ಟಳು.

ನೀಲಿ ಡಬ್ಬಿ ಮತ್ತೆ ಬರಲಿಲ್ಲ, ಅದು ನಿಜ. ಆದರೆ ಮಾತಿನ ನಿಧಾನ ಹೋಗಲಿಲ್ಲ. ಹೊಸ ಸಿಸ್ಟಮ್ಮಿನಲ್ಲೂ ಬೆಳಕು ಸಾಲು ದಾಟಿಯೇ ನಿಲ್ಲುತ್ತಿತ್ತು, ಅಕ್ಷರ ತಪ್ಪುತ್ತಿತ್ತು. ಎರಡು ದಿನ ಮಸಾಯೊ ಕಂಪ್ಯೂಟರನ್ನೇ ಬೈದಳು. ಮೂರನೆಯ ಬೆಳಿಗ್ಗೆ ಮುಖ ಒರೆಸುವಾಗ ಏನನ್ನಿಸಿತೋ, ಸ್ವಿಚ್ಚಿನ ಪಕ್ಕದಲ್ಲಿ ಅವನ ಕೆನ್ನೆಯ ಮೇಲೆ ತನ್ನ ತೋರುಬೆರಳಿಟ್ಟಳು.

"ಈಗ ಒತ್ತಿ ನೋಡೋಣ. ಬೆಳಕು ಮಕಾರದ ಸಾಲಿಗೆ ಬರಲಿ, ಆಗ."

ಬೆಳಕು ಮಕಾರಕ್ಕೆ ಬಂತು. ಬೆರಳಿನಡಿ ಏನೂ ಇಲ್ಲ. ಬೆಳಕು ಆ ಸಾಲು ದಾಟಿತು, ಮುಂದಿನದನ್ನೂ ದಾಟಿತು. ಆಗ ಬಂತು, ಚರ್ಮದೊಳಗೆಲ್ಲೋ, ಒಂದು ಸಣ್ಣ ನಡುಕ. ಸ್ವಿಚ್ಚು ಹಿಡಿಯುವಷ್ಟೂ ಇರಲಿಲ್ಲ.

ಮಸಾಯೊ ಬಟ್ಟೆಯನ್ನು ಬೋಗುಣಿಗೆ ಹಾಕಿದಳು.

"ಕಂಪ್ಯೂಟರ್ ಅಲ್ಲ. ಕೆನ್ನೆ."

ಕಣ್ಣು ಮೇಲೆತ್ತಿದ.

"ನಿಮಗೆ ಗೊತ್ತಿತ್ತು."

ಮತ್ತೆ ಮೇಲೆತ್ತಿದ. ಅವಳು ಹಲಗೆ ತಂದಳು.

"ಯಾವಾಗಿಂದ?"

ಹಲಗೆಯ ಮೇಲೆ ಅವನ ಉತ್ತರ ಕೂಡಿತು: "ಮೂಲಂಗಿ ದಿನ. ಡಬ್ಬಿ ಆಮೇಲೆ ಬಂತು. ಅದಕ್ಕೆ ಮೊದಲೇ ಕರೆದೆ. ಆಗಲಿಲ್ಲ."

"ಯಾಕ್ರೀ ಹೇಳ್ಲಿಲ್ಲ? ಅಷ್ಟು ದಿನ ನಾವು ಕಚ್ಚಾಡ್ತಿದ್ವಲ್ಲ, ಯಾಕೆ ಹೇಳ್ಲಿಲ್ಲ?"

ಅವನು ಒಂದೊಂದೇ ಅಕ್ಷರ ಕೊಟ್ಟ. "ನೀವೆಲ್ಲ ಕಂಪ್ಯೂಟರ್ ಅಂದ್ರಿ. ಹಾಗೇ ಇರಲಿ ಅನ್ನಿಸ್ತು."

ಮಸಾಯೊ ಅತ್ತಳು. ಗಂಡನ ಮುಂದೆ ಅಳಬಾರದೆಂದು ಆರು ವರ್ಷ ಪಾಲಿಸಿಕೊಂಡು ಬಂದದ್ದು ಅಂದು ಮುರಿಯಿತು. ಅಳುತ್ತಲೇ ಕಫ ಎಳೆದಳು, ಅಳುತ್ತಲೇ ಹೊಟ್ಟೆಯ ನಳಿಕೆ ತೊಳೆದಳು.

ಶೋಗೊ ಅಂಗಡಿಯಿಂದ ಬಂದವನು ವಿಷಯ ಕೇಳಿ, ಕೆಲಸದ ಅಂಗಿಯಲ್ಲೇ ತಂದೆಯ ಮುಂದೆ ನಿಂತ.

"ಹೇಳಬಾರ್ದಿತ್ತಾ ಅಪ್ಪ? ನಾನೇನೋ ದೊಡ್ಡ ಮನುಷ್ಯನ ಹಾಗೆ ಬಿಚ್ಚಿ, ಊದಿ... ನಿಮ್ಮ ದನಿ ಕಳೆದೆ. ಸುಮ್ಸುಮ್ನೆ ಕಳೆದೆ!"

"ಅವರನ್ನ ಯಾಕೆ ಬೈತೀಯೋ," ಅಂದಳು ಮಸಾಯೊ. "ಹಾಕು ಅಂದವಳು ನಾನು."

"ಈಗಲಾದ್ರೂ ವಾಪಸ್ ಹಾಕೋಕಾಗುತ್ತಾ ಕೇಳು ನಿನ್ನ ಮಗನ್ನ," ಅಡುಗೆಮನೆಯಿಂದ ತೊಮಿಯ ದನಿ ಬಂತು. "ಊರೆಲ್ಲ ಸೂರೆ ಆದ್ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾದ್ರೂ ಸರಿ."

ಹಾಕಲು ಬರುತ್ತಿತ್ತು. ಸ್ವಲ್ಪ ದಿನದೊಳಗಾದರೆ ಹಿಂದಿನ ಸಿಸ್ಟಮ್ಮಿಗೆ ಮರಳಬಹುದು ಎಂದು ಕಂಪ್ಯೂಟರೇ ಹೇಳಿತ್ತು. ಶೋಗೊ ಒಂದು ದಿನ ರಜೆ ಹಾಕಿ ಹಳೆಯದನ್ನು ತಂದು ಕೂರಿಸಿದ. ದನಿಯ ಪ್ರೋಗ್ರಾಂ ತೆರೆಯಿತು. ಪರೀಕ್ಷೆಗೆಂದು ಅವನು ಕೀಲಿಮಣೆಯಲ್ಲಿ ಅಕಾರ ಒತ್ತಿದಾಗ ಸ್ಪೀಕರು "ಅ!" ಎಂದು ಕಿರುಚಿತು. ತೊಮಿ ಕೈ ಒರೆಸಿಕೊಳ್ಳುತ್ತಾ ಓಡಿಬಂದು ತಲೆದೆಸೆಯಲ್ಲಿ ಕೂತಳು.

ಅದೇ ವಾರ ಇಗರಾಶಿ ಸಾನ್ ಬಂದರು, ತಿಂಗಳಿಗೊಮ್ಮೆ ಮನೆಗೆ ಬಂದು ಕೈಕಾಲು ಆಡಿಸಿ ಸ್ವಿಚ್ಚು ಸರಿಮಾಡುವಾಕೆ. ಹಿಮದಿಂದಾಗಿ ಎರಡು ಸಲ ಬರುವುದು ತಪ್ಪಿತ್ತು. ಆಕೆ ಸ್ವಿಚ್ಚನ್ನು ಹುಬ್ಬಿಗೆ ಅಂಟಿಸಿದರು, ದವಡೆಗೆ ಅಂಟಿಸಿದರು, ಎಡಗೆನ್ನೆಗೆ, ಹಣೆಗೆ. ಎಲ್ಲಿಯೂ ಬೆಳಕು ನಿಲ್ಲಲಿಲ್ಲ.

"ಕಣ್ಣಿನ ಓಟ ನೋಡಿ ಬರೆಯೋ ಯಂತ್ರ ಇದೆ," ಎಂದರು ಮಸಾಯೊಗೆ, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ. "ಅದಕ್ಕೆ ಹೊಸ ಕಂಪ್ಯೂಟರೇ ಬೇಕು, ಹೊಸ ಸಿಸ್ಟಮ್ಮೇ ಬೇಕು. ಅರ್ಜಿ ಹಾಕಿ ಪಾಳಿ ಬರೋ ಹೊತ್ತಿಗೆ ಬೇಸಿಗೆ ಆಗುತ್ತೆ."

"ಅದರಲ್ಲಿ ಈ ದನಿ ಬರುತ್ತಾ?"

ಇಗರಾಶಿ ಸಾನ್ ಬೂಟಿನ ಜಿಪ್ಪು ಎಳೆಯುತ್ತಾ ಇಲ್ಲವೆಂದು ತಲೆಯಾಡಿಸಿದರು. "ಕಣ್ಣಿಗೂ ದಣಿವು ಬರುತ್ತೆ. ಬೇಸಿಗೆ ಹೊತ್ತಿಗೆ ಹೇಗಿರುತ್ತೋ ನೋಡೋಣ. ಅಲ್ಲೀವರೆಗೆ ನಿಮ್ಮ ಹಲಗೆನೇ ಗತಿ, ಮಸಾಯೊ ಸಾನ್."

ಒಳಗೆ ತೊಮಿ ಮಗನಿಗೆ ಹೇಳುತ್ತಿದ್ದಳು: "ನಿಧಾನ ಮಾಡು ಮಗಾ. ನಂಗೇನೂ ಅವಸರ ಇಲ್ಲ." ಬೆಳಕು ಕೆಳಗಿಳಿಯಿತು, ಮೇಲೆ ಹೋಯಿತು. ಕತ್ತಲಾಗುವ ತನಕ ಅವಳು ಏಳಲಿಲ್ಲ.

ಫೆಬ್ರವರಿಯ ನಡುವಿಗೆ ಒಂದು ಮಧ್ಯಾಹ್ನ ಮಸಾಯೊ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಪಕ್ಕದ ಕೋಣೆಯಿಂದ ಗಂಡನ ದನಿ ಕಿರುಚಿತು.

"ಅಮ್ಮ."

ಅವಳ ಕೈ ನಿಂತಿತು.

"ಅಮ್ಮ. ಊಟ ಚೆನ್ನಾಗಿತ್ತು."

ಚಾಕು ಕೆಳಗಿಟ್ಟು ಓಡಿದಳು. ಕೆನ್ನೆ ಮರಳಿತು, ದೇವರು ಕಣ್ಣುಬಿಟ್ಟ ಅಂದುಕೊಂಡೇ ಓಡಿದಳು. ಬಾಗಿಲಲ್ಲಿ ನಿಂತುಬಿಟ್ಟಳು.

ಕೀಲಿಮಣೆ ತೊಮಿಯ ತೊಡೆಯ ಮೇಲಿತ್ತು. ಮೂಗನ್ನು ಅದಕ್ಕೆ ತಾಗುವಷ್ಟು ಬಗ್ಗಿಸಿ, ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದಳು. ಯಾರು ಕಲಿಸಿದರೋ, ಶೋಗೊ ಒತ್ತಿದ್ದನ್ನು ನೋಡಿ ತಾನೇ ಕಲಿತಳೋ. ಬಹಳ ಹೊತ್ತಿನ ಮೇಲೆ ಸ್ಪೀಕರು ಕಿರುಚಿತು: "ಹೊರಗೆ ಹೋಗಬೇಡ. ಜಾರುತ್ತೆ."

"ಇಲ್ಲ ಮಗಾ, ಹೋಗಲ್ಲ," ಎಂದಳು ತೊಮಿ, ತನ್ನದೇ ಬಾಯಿಂದ. "ಶೋಗೊ ಬಾಚಿದಾನೆ ದಾರಿ."

ಮುದುಕಿಯ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ, ಮಸಾಯೊಗೆ ಸಿಟ್ಟೇ ಬರಲಿಲ್ಲ. ಆಮೇಲೆ ಗಂಡನನ್ನು ನೋಡಿದಳು. ಅವನ ಕಣ್ಣು ಅಗಲವಾಗಿ ತೆರೆದಿತ್ತು. ಕಿವಿ ಮುಚ್ಚಿಕೊಳ್ಳಲು ಅವನಿಗೆ ಕೈಯಿಲ್ಲ, ತಲೆ ಹೊರಳಿಸಲು ಕತ್ತಿಲ್ಲ. ತಾನು ಆಡದ ಮಾತುಗಳನ್ನು ತನ್ನ ದನಿಯಲ್ಲೇ ಕೇಳುತ್ತಾ ಮಲಗಿದ್ದ. ಎಷ್ಟು ದಿನದಿಂದ ಹೀಗೆ ನಡೆದಿದೆಯೋ, ತಾನು ತುಂಬಿದ ಕತ್ತರಿ ಡಬ್ಬಿ ತಲುಪಿಸಲು ಹೋದಾಗಲೆಲ್ಲ ನಡೆದಿರಬೇಕು ಎಂದು ಅವಳಿಗೆ ಹೊಳೆಯಿತು.

ಅವನ ನೋಟ ಅವಳನ್ನು ಹಿಡಿಯಿತು. ಹಲಗೆಯ ಕಡೆ ಹೊರಳಿತು. ಮತ್ತೆ ಅವಳ ಕಡೆ.

ಮಸಾಯೊ ಹಲಗೆ ಎತ್ತಿಕೊಂಡು ಅವನ ಮುಖದ ಮೇಲೆ ಹಿಡಿದಳು. ಇಷ್ಟು ಬೇಗ ಬೇಗ ಅವನು ಎಂದೂ ಅಕ್ಷರ ಕೊಟ್ಟಿರಲಿಲ್ಲ. ಅವಳು ತುಟಿಯೊಳಗೇ ಕೂಡಿಸಿಕೊಂಡಳು.

ಆ ದನಿ ತೆಗೆದುಬಿಡು. ನನ್ನ ಮಾತು ಬೇರೆಯವರು ಆಡಬಾರದು. ಅಮ್ಮನಿಗೆ ಹೇಳು.

"ಏನಂತಾನೆ?" ತೊಮಿ ಕೀಲಿಮಣೆಯಿಂದ ತಲೆ ಎತ್ತದೆ ಕೇಳಿದಳು. "ಹೇಳೇ, ಏನಂದ?"

ಮಸಾಯೊ ಹಲಗೆಯನ್ನು ಹಾಗೆಯೇ ಹಿಡಿದಿದ್ದಳು. ಅದರಾಚೆ ಗಂಡನ ಕಣ್ಣುಗಳು ಕಾಯುತ್ತಿದ್ದವು. ಪಕ್ಕದಲ್ಲಿ ಮುದುಕಿಯ ಬಗ್ಗಿದ ಬೆನ್ನು, ಅಕ್ಷರದ ಮೇಲೆ ಸುಳಿಯುತ್ತಿದ್ದ ಬೆರಳು.

"ಸ್ವಲ್ಪ ಮೆಲ್ಲಗೆ ಇಡಬೇಕಂತೆ, ಅತ್ತೆ. ಕಿವಿಗೆ ಜೋರಾಗುತ್ತಂತೆ."

"ಅಯ್ಯೋ, ಹೌದಲ್ಲ! ನಂಗೂ ಹಾಗೇ ಅನ್ನಿಸ್ತಿತ್ತು. ಎಲ್ಲಿ ತಿರುಗಿಸೋದು ಇದನ್ನ?"

ಮಸಾಯೊ ಹೋಗಿ ಸ್ಪೀಕರಿನ ಸದ್ದು ತಗ್ಗಿಸಿದಳು. ತಿರುಗಿ ಬಂದಾಗ ಹಿದೆನೊರಿ ಅವಳನ್ನೇ ನೋಡುತ್ತಿದ್ದ. ನೋಡುತ್ತಾ ನೋಡುತ್ತಾ ಎರಡೂ ಕಣ್ಣು ಮುಚ್ಚಿದ. ಬಿಗಿಯಾಗಿ ಮುಚ್ಚಿದ. ಅವಳು ಹಲಗೆ ಎತ್ತಿ ಹಿಡಿದರೂ ತೆರೆಯಲಿಲ್ಲ.

"ನಿದ್ದೆ ಬಂತೇನೋ ಪಾಪ," ಅಂದಳು ತೊಮಿ.

"ಹೂಂ, ಅತ್ತೆ," ಅಂದಳು ಮಸಾಯೊ. "ನಿದ್ದೆ ಬಂತು."